ಎಲ್ಲಿ ಸಿಕ್ತು ಇದು?

ನಮ್ಮ ಮನೆ ಪಕ್ಕದ ಸೈಟಿನಲ್ಲಿ ಜೆಸಿಬಿ ಬಂದು ನಿಂತು ಇವತ್ತಿಗೆ ಒಂಬತ್ತು ದಿನ. ಅಲ್ಲೊಂದು ಹಳೇ ಹೆಂಚಿನ ಮನೆ ಇತ್ತು, ಎರಡು ತೆಂಗಿನ ಮರ, ಹಿತ್ತಲಲ್ಲಿ ಯಾರೂ ಮುಟ್ಟದ ಒರಳುಕಲ್ಲು. ಎರಡೇ ದಿನದಲ್ಲಿ ಅಷ್ಟೂ ಹೋಯಿತು. ಆಮೇಲೆ ಶುರುವಾಗಿದ್ದು ಗುಂಡಿ. ಎರಡು ಅಂತಸ್ತು ಬೇಸ್‌ಮೆಂಟ್ ಅಂತೆ. ಬೆಂಗಳೂರಿನಲ್ಲಿ ಮನೆ ಮಾಡಿರೋರಿಗೆ ಈ ಗುಂಡಿ ಹೊಸದಲ್ಲ ಬಿಡಿ, ಪ್ರತಿ ರಸ್ತೆಗೂ ಒಂದಿದೆ. ಆದರೆ ನನಗೊಂದು ಕೆಟ್ಟ ಅಭ್ಯಾಸ. ತಗಡಿನ ಸಂದಿಯಲ್ಲಿ ಕಣ್ಣಿಟ್ಟು ಗುಂಡಿಯ ಗೋಡೆ ನೋಡುತ್ತೇನೆ. ಹಾಲು ತರಲು ಹೋದವಳು ಕಾಲು ಗಂಟೆ ಅಲ್ಲೇ ನಿಂತಿರುತ್ತೇನೆ.

ಗೋಡೆಯಲ್ಲಿ ಪದರಗಳು ಕಾಣುತ್ತವೆ. ಮೇಲೆ ಒಂದು ಮೊಳದಷ್ಟು ನಮ್ಮ ಕಾಲದ್ದು: ಗಾರೆ, ಹೆಂಚಿನ ಚೂರು, ಹಾಲಿನ ಕವರ್, ಒಂದು ಹವಾಯಿ ಚಪ್ಪಲಿಯ ಅರ್ಧ. ಅದರ ಕೆಳಗೆ ಕೆಮ್ಮಣ್ಣು, ಆಳೆತ್ತರ. ಅದರ ಕೆಳಗೆ ಗರಸು, ಅಲ್ಲಲ್ಲಿ ಬಿಳೀ ಬೆಣಚುಕಲ್ಲು. ಇನ್ನೂ ಕೆಳಗೆ ಕೈಯಲ್ಲಿ ಹಿಡಿದರೆ ಪುಡಿಯಾಗುವ ಕೊಳೆತ ಬಂಡೆ. ಲಾಲ್‌ಬಾಗಿನಲ್ಲಿ ತಲೆ ಎತ್ತಿ ಕೂತಿದೆಯಲ್ಲ, ಸುಮಾರು 300 ಕೋಟಿ ವರ್ಷದ ಆ ಬಂಡೆ, ಅದೇ ಜಾತಿಯದ್ದು. ಇಷ್ಟನ್ನೂ ಜೆಸಿಬಿ ಒಂದೇ ಬಾಯಿಗೆ ಎತ್ತಿ ಟಿಪ್ಪರಿಗೆ ಸುರಿಯುತ್ತದೆ. ಚಪ್ಪಲಿಯೂ ಗರಸೂ ಒಂದೇ ಲೋಡು.

ನಾನು ಪುರಾತತ್ವ ಓದಿದವಳಲ್ಲ. ಲೆಕ್ಕಪತ್ರದ ಕೆಲಸ ನನ್ನದು. ಈ ಹುಚ್ಚು ಹತ್ತಿದ್ದು ಜಾಲಹಳ್ಳಿಯಿಂದ.

ನಾನು ಬೆಳೆದಿದ್ದು ಜಾಲಹಳ್ಳಿ ಕಡೆ. ಅಪ್ಪನಿಗೆ ಅಲ್ಲೇ ಫ್ಯಾಕ್ಟರಿ ಕೆಲಸ. ಕ್ವಾರ್ಟರ್ಸ್ ಹಿಂದೆ ನೀಲಗಿರಿ ಮರಗಳ ಬಯಲು, ಅಲ್ಲಿ ಮಳೆ ಬಂದು ಮಣ್ಣು ತೊಳೆದುಹೋದ ಜಾಗದಲ್ಲಿ ಬಿಳೀ ಕಲ್ಲುಗಳು ರಾಶಿ. ನಾವು ಅವನ್ನು ಬೆಂಕಿಕಲ್ಲು ಅನ್ನುತ್ತಿದ್ದೆವು. ರಾತ್ರಿ ಕರೆಂಟು ಹೋದಾಗ ಕಂಬಳಿಯೊಳಗೆ ಸೇರಿಕೊಂಡು ಎರಡು ಕಲ್ಲು ಉಜ್ಜಿದರೆ ಒಳಗಿಂದ ಒಂಥರಾ ಕಿತ್ತಳೆ ಬೆಳಕು ಮಿನುಗುತ್ತಿತ್ತು, ಸುಟ್ಟ ವಾಸನೆ ಬರುತ್ತಿತ್ತು. ಈ ಆಟ ಆಡದ ಮಕ್ಕಳು ಆಗ ಇರಲಿಲ್ಲ ಅನಿಸುತ್ತೆ. ನನ್ನ ಹತ್ತಿರ ಒಂದು ಹಾರ್ಲಿಕ್ಸ್ ಬಾಟಲಿ ತುಂಬ ಇದ್ದವು. ಮನೆ ಬದಲಿಸುವಾಗ ಅಮ್ಮ ಎಸೆದರು.

ಎಷ್ಟೋ ವರ್ಷದ ಮೇಲೆ, ಒಂದು ಮದುವೆ ಮನೆಯಲ್ಲಿ ಬೇಜಾರಾಗಿ ಅಲ್ಲಿದ್ದ ಹಳೇ ಪುಸ್ತಕ ತಿರುವಿ ಹಾಕುತ್ತಿದ್ದೆ. ಕರ್ನಾಟಕದ ಶಿಲಾಯುಗದ ನೆಲೆಗಳ ಪಟ್ಟಿ. ಅದರಲ್ಲಿ ಜಾಲಹಳ್ಳಿ! ಬೆಣಚುಕಲ್ಲಿನ ಸೂಕ್ಷ್ಮ ಶಿಲಾಯುಧಗಳು ಸಿಕ್ಕ ಜಾಗ ಅಂತ. 1940ರ ದಶಕದಲ್ಲೇ ಅದರ ಬಗ್ಗೆ ಬರೆದಿದ್ದಾರೆ, ಪುರಾತತ್ವದವರಿಗೆ ಚೆನ್ನಾಗಿ ಗೊತ್ತಿರುವ ಹೆಸರು. ಜಾಲಹಳ್ಳಿಯಲ್ಲೇ ಹುಟ್ಟಿ ಬೆಳೆದ ನಮಗೆ ಯಾರಿಗೂ ಗೊತ್ತಿಲ್ಲ. ಅಲ್ಲಿಂದ ಕೂಗಳತೆಯ ಯಶವಂತಪುರದಲ್ಲಿ 1891ರಲ್ಲಿ ರೋಮನ್ ನಾಣ್ಯಗಳು ಸಿಕ್ಕಿದ್ದೂ ನನಗೆ ಗೊತ್ತಾಗಿದ್ದು ಆಮೇಲೆಯೇ. ಅಲ್ಲಿ ನನಗೆ ಸಿಕ್ಕಿದ್ದು ಟ್ರಾಫಿಕ್ ಮಾತ್ರ.

ಸೂಕ್ಷ್ಮ ಶಿಲಾಯುಧ ಅಂದರೆ ಉಗುರಿನಷ್ಟು, ಹೆಚ್ಚೆಂದರೆ ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಕಲ್ಲಿನ ಅಲಗು. ಅದನ್ನೊಂದನ್ನೇ ಹಿಡಿದು ಏನೂ ಮಾಡೋಕಾಗಲ್ಲ. ಮರದ ಅಥವಾ ಮೂಳೆಯ ಹಿಡಿಯಲ್ಲಿ ಉದ್ದಕ್ಕೆ ಸೀಳು ಕೊರೆದು, ಮರದ ಅಂಟು ಹಾಕಿ, ಸಾಲಾಗಿ ಕೂರಿಸಿದರೆ ಕುಡುಗೋಲು, ಬಾಣದ ತುದಿ, ಚಾಕು. ಒಂದು ಅಲಗು ಮುರಿದರೆ ಅದನ್ನಷ್ಟೇ ಕಿತ್ತು ಬೇರೆ ಹಾಕಿದರಾಯಿತು. ಬ್ಲೇಡ್ ಬದಲಾಯಿಸೋ ರೇಜರ್ ಇದ್ದ ಹಾಗೆ. ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರದಲ್ಲಿ ಒಂದು ಕಲ್ಲಾಸರೆಯ ಕೆಳಗೆ ಇಂಥವು ಸುಮಾರು 35,000 ವರ್ಷದಷ್ಟು ಹಳೆಯವು ಸಿಕ್ಕಿವೆ.

ಹಾಗಾದರೆ ನನ್ನ ಹಾರ್ಲಿಕ್ಸ್ ಬಾಟಲಿಯಲ್ಲಿ ಏನಿತ್ತು? ಈ ಪ್ರಶ್ನೆ ನನ್ನನ್ನು ತುಂಬ ದಿನ ಕಾಡಿತು.

ಮನುಷ್ಯ ಒಡೆದ ಕಲ್ಲನ್ನೂ ತಾನಾಗಿ ಒಡೆದ ಕಲ್ಲನ್ನೂ ಬೇರೆ ಮಾಡೋದು ಹೇಗೆ ಅಂತ ಓದತೊಡಗಿದೆ. ಚಿಕ್ಕವರಿದ್ದಾಗ ಕಿಟಕಿ ಗಾಜಿಗೆ ಗೋಲಿ ಹೊಡೆದವರಿಗೆ ಇದು ಬೇಗ ಅರ್ಥವಾಗುತ್ತೆ. ಹೊಡೆದ ಕಡೆ ಸಣ್ಣ ತೂತು, ಹಿಂದಿನ ಕಡೆ ಅಗಲವಾಗಿ ಚಕ್ಕೆ ಹಾರಿರುತ್ತೆ. ಪೆಟ್ಟಿನ ಬಲ ಒಳಗೆ ಲಾಳಿಕೆಯ ಹಾಗೆ ಅಗಲವಾಗುತ್ತಾ ಹೋಗುತ್ತದೆ. ಕಲ್ಲಿನ ಅಂಚಿಗೆ ಸರಿಯಾದ ಓರೆಯಲ್ಲಿ ಇನ್ನೊಂದು ಕಲ್ಲಿನಿಂದ ಹೊಡೆದರೆ ಆ ಲಾಳಿಕೆಯ ಒಂದು ಬದಿ ಚಕ್ಕೆಯಾಗಿ ಕಳಚಿ ಬರುತ್ತದೆ. ಚಕ್ಕೆಯ ಒಳಮೈಯಲ್ಲಿ, ಪೆಟ್ಟು ಬಿದ್ದ ಜಾಗದ ಕೆಳಗೆ, ಒಂದು ಉಬ್ಬು. ಅಲ್ಲಿಂದ ಅಲೆ ಎದ್ದ ಹಾಗೆ ಗೆರೆಗಳು. ಚಕ್ಕೆ ಕಳಚಿದ ತಾಯಿಕಲ್ಲಿನಲ್ಲಿ ಅದೇ ಉಬ್ಬಿನ ಅಚ್ಚು, ತಗ್ಗಾಗಿ. ಒಂದು ಉಬ್ಬು ಕಂಡರೆ ಸಾಲದು. ಒಂದೇ ಕಲ್ಲಿನ ಮೇಲೆ ಒಂದು ಕ್ರಮದಲ್ಲಿ ಹಲವು ಪೆಟ್ಟು ಬಿದ್ದಿದ್ದರೆ ಆಗ ಕೈಯ ಗುರುತು.

ಓದಿದ್ದು ಸಾಕಾಗದೆ ಒಂದು ಭಾನುವಾರ ಟೆರೇಸಿನ ಮೇಲೆ ಗೋಣಿಚೀಲ ಹಾಸಿಕೊಂಡು ಕೂತೆ. ಮೊದಲು ಸೋಡಾ ಬಾಟಲಿಯ ತಳ, ಆಮೇಲೆ ಬೆಣಚುಕಲ್ಲು. ಬಾಟಲಿಯಲ್ಲಿ ನಾಲ್ಕು ಒಳ್ಳೇ ಚಕ್ಕೆ ಬಂದವು, ಜೊತೆಗೆ ಎಡಗೈ ಹೆಬ್ಬೆರಳು ಸೀಳಿತು. ಬೆಣಚುಕಲ್ಲು ಮಾತ್ರ ಮಾತೇ ಕೇಳಲಿಲ್ಲ. ಅದರೊಳಗೆ ಮೊದಲೇ ನೂರು ಬಿರುಕು, ಹೊಡೆದರೆ ನಾವು ಹೇಳಿದ ಕಡೆ ಬಿಟ್ಟು ಅದಕ್ಕೆ ಇಷ್ಟ ಬಂದ ಕಡೆ ಒಡೆಯುತ್ತದೆ. ಎರಡು ಗಂಟೆ ಆದ ಮೇಲೆ ಒಂದು ಬುಟ್ಟಿ ಪುಡಿ, ಒಂದೂ ಅಲಗಿಲ್ಲ. ಬಟ್ಟೆ ಒಣಗಿಸೋಕೆ ಬಂದ ಅಮ್ಮ ಸ್ವಲ್ಪ ಹೊತ್ತು ನೋಡಿ, 'ಬೆಳ್ಳುಳ್ಳಿ ಸುಲಿಯೋಕೆ ಬೇಜಾರು ನಿನಗೆ, ಕಲ್ಲು ಸುಲೀತಾ ಕೂತಿದ್ದೀಯಾ' ಅಂದು ಹೋದರು. ಜಾಲಹಳ್ಳಿಯಲ್ಲಿ ಇದೇ ಕಲ್ಲಿನಿಂದ ಉಗುರಿನಷ್ಟು ಅಲಗು ತೆಗೆದವರ ಬಗ್ಗೆ ನನಗೆ ಗೌರವ ಬಂದಿದ್ದು ಅವತ್ತು, ಪುಸ್ತಕ ಓದಿ ಅಲ್ಲ.

ಆದರೆ ಆ ಗೋಣಿಚೀಲ ಎತ್ತುವಾಗ ಇನ್ನೊಂದು ಕಂಡಿತು. ನಾನು ಕಾಲು ಚಾಚಿ ಕೂತಿದ್ದ ಜಾಗ ಬಿಟ್ಟು ಸುತ್ತ ಪುಡಿ ಬಿದ್ದಿತ್ತು. ನನ್ನ ಕಾಲಿನ ಆಕಾರದಲ್ಲಿ ಖಾಲಿ! ಇಂಗ್ಲೆಂಡಿನ ಬಾಕ್ಸ್‌ಗ್ರೋವ್ ಅನ್ನೋ ಕಡೆ ಸುಮಾರು 5 ಲಕ್ಷ ವರ್ಷ ಹಿಂದೆ ಯಾರೋ ಕೂತು ಕಲ್ಲು ಒಡೆದ ಜಾಗವನ್ನು ಇದೇ ಥರ ಗುರುತಿಸಿದ್ದಾರೆ. ಅವರು ಮಾಡಿದ ಕೊಡಲಿ ಎತ್ತಿಕೊಂಡು ಹೋದರು. ಬಿಟ್ಟು ಹೋಗಿದ್ದು ಕಸ. ಆ ಕಸದಿಂದಲೇ ಅವರು ಹೇಗೆ ಕೂತಿದ್ದರು ಅಂತ ಗೊತ್ತಾಗಿದ್ದು. ಯಾರಾದರೂ ಬಂದು 'ಅಯ್ಯೋ ಕಲ್ಲು ಪುಡಿ' ಅಂತ ಗುಡಿಸಿದ್ದರೆ ಮುಗೀತು.

ನಮ್ಮಲ್ಲೂ ಇಂಥ ಜಾಗ ಇದೆ, ಅದೂ ಇದಕ್ಕಿಂತ ಎಷ್ಟೋ ಹಳೆಯದು. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ ಹುಣಸಗಿ, ಬೈಚಬಾಳ ಅಂತ ಕಣಿವೆಗಳು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಅಲ್ಲಿ ದಶಕಗಳ ಕಾಲ ಓಡಾಡಿ ಹಳೆ ಶಿಲಾಯುಗದ ನೆಲೆಗಳನ್ನು ಗುರುತಿಸಿದರು. ಅದರಲ್ಲಿ ಇಸಾಂಪುರ ಒಂದು. ನೀರಾವರಿ ಕಾಲುವೆ ಕೆಲಸಕ್ಕೆ ಮೇಲಿನ ಕಪ್ಪು ಮಣ್ಣು ತೆಗೆದಾಗ ಕೆಳಗಿನ ಸುಣ್ಣಕಲ್ಲಿನ ಹಾಸು, ಅದರ ಮೇಲೆ ಒಡೆದ ಕಲ್ಲುಗಳು ಬಯಲಾದವು. 1990ರ ದಶಕದ ಕೊನೆಗೆ ಅಲ್ಲಿ ಅಗೆದು ನೋಡಿದರೆ ಅದೊಂದು ಕಲ್ಲಿನ ಕಾರ್ಖಾನೆ. ಸುಣ್ಣಕಲ್ಲು ಅಲ್ಲೇ ಹಪ್ಪಳದ ಹಾಗೆ ಹಾಳೆ ಹಾಳೆಯಾಗಿ ಏಳುತ್ತೆ. ಬೇಕಾದ ದಪ್ಪದ್ದು ಆರಿಸಿ, ಬೇರೆ ಗಟ್ಟಿ ಕಲ್ಲುಗಳಿಂದ ಬಡಿದು, ಕೈಗೊಡಲಿ (ಹಿಡಿ ಇಲ್ಲದೆ ಕೈಯಲ್ಲೇ ಹಿಡಿಯುವ ಕಲ್ಲಿನ ಕೊಡಲಿ) ಮಾಡಿದ್ದಾರೆ. ಮುಗಿದದ್ದು, ಅರ್ಧಕ್ಕೆ ಬಿಟ್ಟದ್ದು, ಹಾರಿದ ಚಕ್ಕೆ, ಬಡಿದ ಕಲ್ಲು, ಎಲ್ಲ ಒಂದೇ ಕಡೆ. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಪರೀಕ್ಷೆಯಿಂದ ಕಾಲ ಲೆಕ್ಕ ಹಾಕಿದರು: ಸುಮಾರು 12 ಲಕ್ಷ ವರ್ಷ. ಆಗ ನಮ್ಮ ಥರದ ಮನುಷ್ಯರೇ ಭೂಮಿಯ ಮೇಲೆ ಇರಲಿಲ್ಲ.

ನೋಡಿ, ಇಲ್ಲೊಂದು ತಮಾಷೆ ಇದೆ. ಇದು ಬಯಲಾಗಿದ್ದು ಕಾಲುವೆ ಕೆಲಸದಿಂದ. ಭಾರತದ ಶಿಲಾಯುಗದ ಕಥೆ ಶುರುವಾಗಿದ್ದೇ ಒಂದು ಗರಸಿನ ಗುಂಡಿಯಿಂದ. 1863ರ ಮೇ 30ರಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರಿಗೆ ಮದ್ರಾಸಿನ ಪಲ್ಲಾವರಂನಲ್ಲಿ, ಗರಸಿಗೆ ತೋಡಿದ ಗುಂಡಿಯಿಂದ ಹೊರಗೆಸೆದ ಕಲ್ಲುಗಳ ನಡುವೆ ಒಂದು ಕೈಗೊಡಲಿ ಸಿಕ್ಕಿತು. ಜ್ವಾಲಾಪುರದಲ್ಲೂ ಅಷ್ಟೇ. ಸುಮಾತ್ರಾದ ತೋಬಾ ಜ್ವಾಲಾಮುಖಿ 74,000 ವರ್ಷ ಹಿಂದೆ ಸಿಡಿದಾಗ ಇಲ್ಲಿವರೆಗೂ ಹಾರಿ ಬಂದು ಬಿದ್ದ ಬೂದಿಯನ್ನು ಊರಿನವರು ತೊಳೆಯುವ ಪುಡಿಗೆ ಅಂತ ತೋಡಿ ಮಾರುತ್ತಿದ್ದರು. ಆ ಬೂದಿಯ ಕೆಳಗೂ ಮೇಲೂ ಕಲ್ಲಿನ ಆಯುಧ ಸಿಕ್ಕವು, 2007ರಲ್ಲಿ ದೊಡ್ಡ ಸುದ್ದಿಯಾಯಿತು. ಬೇರೆ ಯಾವುದಕ್ಕೋ ತೋಡಿದ ಗುಂಡಿ, ಅದರ ಅಂಚಿನಲ್ಲಿ ಬಗ್ಗಿ ನೋಡುವ ಯಾರೋ ಒಬ್ಬರು. ಹಾಗಾಗಿ ತಗಡಿನ ಸಂದಿಯಲ್ಲಿ ಇಣುಕುವ ನನ್ನನ್ನು ಜಾಸ್ತಿ ಬೈಯಬೇಡಿ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿ ಬಂದಿದ್ದೂ ಅದನ್ನು ಮುಂದಕ್ಕೆ ಹಾಕೋಕೇ.

ಹದಿನೈದು ವರ್ಷದ ಹಿಂದೆ ಗೆಳತಿಯರ ಜೊತೆ ಹಂಪಿಗೆ ಹೋಗಿ ಬರುವಾಗ ಬಳ್ಳಾರಿ ಪಕ್ಕದ ಸಂಗನಕಲ್ಲು ಗುಡ್ಡ ಹತ್ತಿದ್ದೆವು. ಅಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದ ಜನ ಕರೀ ಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು. ಒಂದೆರಡಲ್ಲ, ಗುಡ್ಡದ ಮೇಲೆಲ್ಲ ಚಕ್ಕೆ. ಬಂಡೆಗಳಲ್ಲಿ ಕೊಡಲಿ ಮಸೆದು ಮಸೆದು ಆದ ನುಣುಪು ತಗ್ಗುಗಳು. ಕಪ್ಪಗಲ್ಲು ಊರಿನ ಕಡೆಗೆ, ಕಲ್ಲಿನಿಂದ ಬಡಿದರೆ ಗಂಟೆ ಹೊಡೆದ ಹಾಗೆ ನಾದ ಬರುವ ಬಂಡೆಗಳೂ ಇವೆ. ಕೆಳಗಡೆ ಕಲ್ಲು ಗಣಿಗಾರಿಕೆಯ ಢಂ ಢಂ ಕೇಳುತ್ತಿತ್ತು. 'ಹೇಗೂ ಹಾಳಾಗುತ್ತೆ' ಅಂತ ನನಗೆ ನಾನೇ ಹೇಳಿಕೊಂಡು, ಅರ್ಧ ಮಸೆದ ಒಂದು ಕೊಡಲಿ ಚೂರನ್ನು ಬ್ಯಾಗಿಗೆ ಹಾಕಿಕೊಂಡೆ. ಮನೆಗೆ ತಂದು ಷೋಕೇಸಿನಲ್ಲಿ ಇಟ್ಟೆ, ಚನ್ನಪಟ್ಟಣದ ಗೊಂಬೆ ಪಕ್ಕ. ಬಂದವರಿಗೆಲ್ಲ ತೋರಿಸಿ ನಾಲ್ಕು ಮಾತು ಹೇಳುತ್ತಿದ್ದೆ.

ಒಂದು ಸಲ ಅಗೆತದ ಕೆಲಸ ಮಾಡುವ ಒಬ್ಬರು ಮನೆಗೆ ಬಂದಿದ್ದರು, ನನ್ನ ತಂಗಿಯ ಸ್ನೇಹಿತೆ. ಹೆಮ್ಮೆಯಿಂದ ಕೈಗೆ ಕೊಟ್ಟೆ. ತಿರುಗಿಸಿ ನೋಡಿದರು. 'ಚೆನ್ನಾಗಿದೆ. ಎಲ್ಲಿ ಸಿಕ್ತು ಇದು?' ಅಂದರು. ಸಂಗನಕಲ್ಲು ಅಂದೆ. 'ಅದು ಗೊತ್ತಾಯ್ತು, ಸಂಗನಕಲ್ಲಲ್ಲಿ ಎಲ್ಲಿ? ಗುಡ್ಡದ ಮೇಲಾ, ಇಳಿಜಾರಲ್ಲಾ? ಮಣ್ಣಿನ ಮೇಲಿತ್ತಾ, ಒಳಗಿತ್ತಾ? ಪಕ್ಕದಲ್ಲಿ ಇನ್ನೇನಿತ್ತು?' ನಾನು ಬಾಯಿ ತೆರೆದು ಹಾಗೇ ಮುಚ್ಚಿಕೊಂಡೆ. ಅವರು ಬೈಯಲಿಲ್ಲ. ಕಲ್ಲನ್ನು ಗೊಂಬೆ ಪಕ್ಕ ವಾಪಸ್ ಇಟ್ಟು ಕಾಫಿ ಕುಡಿದರು. ಬೈದಿದ್ದರೆ ವಾಸಿಯಿತ್ತು.

ಅವರಿಂದ ಆಮೇಲೆ ಎಷ್ಟೋ ಕೇಳಿ ತಿಳಿದುಕೊಂಡೆ. ಅಗೆಯೋದು ಅಂದರೆ ನಾನು ನಿಧಿ ಹುಡುಕೋ ಥರ ಅಂದುಕೊಂಡಿದ್ದೆ. ಅದು ನಿಜವಾಗಿ ಬರೆಯೋ ಕೆಲಸ. ದಾರ ಕಟ್ಟಿ ಚೌಕ ಮಾಡಿ, ಚೌಕಗಳ ನಡುವೆ ಗೋಡೆ ಬಿಟ್ಟು, ಕುರ್ಪಿಯಲ್ಲಿ ಒಂದೊಂದೇ ಪದರ ಕೆರೆದು, ಬ್ರಷ್ಷಿನಲ್ಲಿ ಗುಡಿಸಿ, ಮಣ್ಣನ್ನೆಲ್ಲ ಜರಡಿ ಹಿಡಿದು, ಸಿಕ್ಕ ಪ್ರತಿಯೊಂದಕ್ಕೂ ಚೀಟಿ. ಯಾವ ಚೌಕ, ಯಾವ ಪದರ, ಎಷ್ಟು ಆಳ, ಯಾವ ದಿನ. ಯಾಕೆ ಅಂದರೆ ಒಂದು ಪದರವನ್ನು ಒಂದೇ ಸಲ ಅಗೆಯಬಹುದು. ಪುಸ್ತಕ ಓದುತ್ತಾ ಓದುತ್ತಾ ಹಾಳೆ ಹರಿದು ಒಲೆಗೆ ಹಾಕಿದ ಹಾಗೆ. ಬರೆದಿಟ್ಟಿದ್ದಷ್ಟೇ ಉಳಿಯೋದು.

ಅದರ ಬೆಲೆ ಏನು ಅಂತ ತಿಳಿಯೋಕೆ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಸಾಕು. ಅಶೋಕನ ಶಾಸನ ಇರುವ ಜಾಗ. ಮೈಸೂರು ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರು ಮೊದಲು ಅಗೆದರು, 1947ರಲ್ಲಿ, ಆಗ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ ಅಗೆದರು. ಕೆಳಗೆ ಕಲ್ಲುಕೊಡಲಿಯ ಜನ, ಅವರ ಮೇಲೆ ಕಬ್ಬಿಣ ಬಳಸಿ ಬೃಹತ್ ಕಲ್ಲಿನ ಸಮಾಧಿ ಕಟ್ಟಿದವರು, ಅದರ ಮೇಲೆ ಶಾತವಾಹನರ ಕಾಲ, ಹೀಗೆ ಪದರ ಪದರವಾಗಿ ತೋರಿಸಿಕೊಟ್ಟರು. ಕಲ್ಲುಕೊಡಲಿಯ ಜನ ಕ್ರಿಸ್ತಪೂರ್ವ 1000ದ ಆಚೀಚೆ ಶುರುವಾದರು ಅಂತ ವೀಲರ್ ಲೆಕ್ಕ. ಆಮೇಲೆ ಇದ್ದಿಲಿನಿಂದ ಕಾಲ ತಿಳಿಯುವ ವಿಧಾನ ಬಂದು, ನಮ್ಮ ಸೀಮೆಯ ಬೇರೆ ನೆಲೆಗಳನ್ನು ಪರೀಕ್ಷೆ ಮಾಡಿದಾಗ, ಅವರು ಅದಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷ ಹಿಂದಿನವರು ಅಂತ ಗೊತ್ತಾಯಿತು. ಅಷ್ಟು ದೊಡ್ಡ ಮನುಷ್ಯನ ಲೆಕ್ಕ ಅಷ್ಟು ತಪ್ಪಿತ್ತು! ಆದರೆ ಯಾವುದರ ಕೆಳಗೆ ಯಾವುದು ಅಂತ ಬರೆದಿಟ್ಟಿದ್ದರಲ್ಲ, ಅದು ತಪ್ಪಲಿಲ್ಲ. ವರ್ಷ ತಿದ್ದಿದರು, ಪದರ ಹಾಗೇ ಉಳಿಯಿತು. ನನ್ನ ಷೋಕೇಸಿನ ಕಲ್ಲಿಗೆ ಯಾವ ಪ್ರಯೋಗಾಲಯ ಬಂದರೂ ತಿದ್ದಲು ಏನೂ ಇಲ್ಲ.

ಮೂಳೆಯ ಕಥೆ ಇನ್ನೂ ಕಷ್ಟದ್ದು. ಶಿಲಾಯುಗ ಅನ್ನೋ ಹೆಸರೇ ಒಂಥರಾ ಅರ್ಧ ಸುಳ್ಳು ಅಂತ ನನಗೆ ಅನಿಸುತ್ತೆ. ಅವರ ಬದುಕಿನಲ್ಲಿ ಮರ, ಬಿದಿರು, ತೊಗಲು, ನಾರು, ಮೂಳೆ ಎಲ್ಲ ಇದ್ದಿರಬೇಕು. ಕಲ್ಲು ಮಾತ್ರ ಕೊಳೆಯಲಿಲ್ಲ, ಅದಕ್ಕೇ ಹೆಸರೆಲ್ಲ ಅದಕ್ಕೆ ಹೋಯಿತು. ಬೆಂಗಳೂರಿನ ಕೆಮ್ಮಣ್ಣಿನಲ್ಲಿ ಹುಳಿ ಅಂಶ ಜಾಸ್ತಿ, ಮೂಳೆ ಬೇಗ ಕರಗಿ ಹೋಗುತ್ತೆ. ಸುಣ್ಣಕಲ್ಲಿನ ಗವಿಗಳಲ್ಲಿ ಉಳಿಯುತ್ತೆ. ಅದಕ್ಕೇ ಕರ್ನೂಲಿನ ಬಿಲ್ಲ ಸುರ್ಗಂ ಗವಿಗಳಲ್ಲಿ 1880ರ ದಶಕದಲ್ಲೇ ಫೂಟ್ ಮತ್ತು ಅವರ ಮಗ ಅಷ್ಟೊಂದು ಮೂಳೆ ತೆಗೆದರು. ಅದೇ ಸೀಮೆಯ ಇನ್ನೊಂದು ಗವಿ, ಮುಚ್ಚಟ್ಲ ಚಿಂತಮಾನು ಗವಿಯಲ್ಲಿ, ಎಂ. ಎಲ್. ಕೆ. ಮೂರ್ತಿ ಅವರು 1970ರ ದಶಕದಲ್ಲಿ ಅಗೆದಾಗ ಮೂಳೆಯ ಆಯುಧಗಳು ಬಂದವು.

ಆದರೆ ಮೂಳೆಯಲ್ಲಿ ಮೋಸ ಹೋಗೋದು ಸುಲಭ. ಕತ್ತೆಕಿರುಬ ಅಗಿದು ಚೂಪು ಮಾಡಿದ ಮೂಳೆ, ನೀರಲ್ಲಿ ಉರುಳಿ ನುಣುಪಾದ ಮೂಳೆ, ದನ ತುಳಿದು ಗೀರು ಬಿದ್ದ ಮೂಳೆ, ಎಲ್ಲವೂ ಆಯುಧದ ಹಾಗೇ ಕಾಣುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕಲ್ಲಿನ ಅಲಗಿನ ಗೀರು ಸಾಮಾನ್ಯವಾಗಿ ಕಿರಿದಾಗಿ, ಚೂಪು ತಳದ್ದಾಗಿರುತ್ತೆ, ಹಲ್ಲಿನದು ಅಗಲವಾಗಿ, ದೋಣಿಯ ತಳದ ಹಾಗೆ. ದಕ್ಷಿಣ ಆಫ್ರಿಕಾದ ಸ್ವಾರ್ಟ್‌ಕ್ರಾನ್ಸ್ ಗವಿಯಲ್ಲಿ ಸಿಕ್ಕ ಮೂಳೆಗಳ ತುದಿಯ ಸವೆತವನ್ನು ಹೀಗೇ ನೋಡಿ, ತಾವೂ ಮೂಳೆ ಹಿಡಿದು ನೆಲ, ಹುತ್ತ ಎಲ್ಲ ಅಗೆದು ಹೋಲಿಸಿ, ಸಂಶೋಧಕರು 2001ರಲ್ಲಿ ಹೇಳಿದರು: ಇವು ಗೆದ್ದಲು ಹುತ್ತ ಅಗೆದ ಕೋಲುಗಳು. 2025ರಲ್ಲಿ ತಾಂಜಾನಿಯಾದ ಓಲ್ಡುವಾಯಿಯಿಂದ 15 ಲಕ್ಷ ವರ್ಷ ಹಳೆಯ 27 ಮೂಳೆ ಆಯುಧಗಳ ಸುದ್ದಿ ಬಂತು. ಆನೆ, ನೀರಾನೆಯ ಮೂಳೆಗಳನ್ನು ಕಲ್ಲು ಒಡೆದ ಹಾಗೇ ಚಕ್ಕೆ ಹಾರಿಸಿ ಮಾಡಿದ್ದು. ನಮ್ಮ ಹಾವೇರಿ ಕಡೆಯ ಹಳ್ಳೂರಿನ ಅಗೆತದಲ್ಲಿ ಸಿಕ್ಕ ಮೂಳೆಗಳಲ್ಲಿ ಕುದುರೆಯದ್ದೂ ಇದೆ ಅಂತ ಹೇಳಿ ದೊಡ್ಡ ಚರ್ಚೆ ಎಬ್ಬಿಸಿದ ಕೆ. ಆರ್. ಆಲೂರ ಅವರು ಪಶುವೈದ್ಯರು. ದನದ ಡಾಕ್ಟರು ಮೂರು ಸಾವಿರ ವರ್ಷ ಹಳೇ ಪೇಷಂಟು ನೋಡಿದ ಹಾಗಾಯಿತು. ನನಗೆ ಈ ವಿಷಯ ತುಂಬ ಇಷ್ಟ.

ಬಳ್ಳಾರಿ ಕಡೆಯ ಬೂದಿದಿಬ್ಬಗಳ ಬಗ್ಗೆ ಬರೆದರೆ ಇದು ಮುಗಿಯಲ್ಲ. ಒಂದೇ ಮಾತು. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಬೂದಿ ಅನ್ನುತ್ತಾರೆ. ಅದು ದನ ಸಾಕುತ್ತಿದ್ದ ನವಶಿಲಾಯುಗದವರು ಸುಟ್ಟ ಸೆಗಣಿ. ವಾಲಿಯ ಬೂದಿ ಅಂತ ಹೆದರಿ ಮುಟ್ಟದೆ ಬಿಟ್ಟಿದ್ದರಿಂದಲೇ ಕೆಲವು ದಿಬ್ಬ ಉಳಿದಿರಬಹುದು ಅಂತ ನನ್ನ ಅನುಮಾನ.

ನಿನ್ನೆ ಬೆಳಿಗ್ಗೆ ಮತ್ತೆ ತಗಡಿನ ಹತ್ತಿರ ನಿಂತಿದ್ದೆ. ಜೆಸಿಬಿ ಡೀಸೆಲ್‌ಗೆ ಕಾಯುತ್ತಿತ್ತು. ವಾಚ್‌ಮನ್ ಬಂದ, ಇಪ್ಪತ್ತೈದರ ಹುಡುಗ, ಹೆಂಡತಿ ಮಗು ಸಮೇತ ಅಲ್ಲೇ ತಗಡಿನ ಶೆಡ್ಡಿನಲ್ಲಿ ಇದ್ದಾನೆ.

'ಏನ್ ನೋಡ್ಲಾಕತ್ತೀರಿ ಅಕ್ಕೋರೆ, ದಿನಾ ಬರ್ತೀರಿ?'

ಮಣ್ಣು ನೋಡ್ತಿದ್ದೀನಿ ಅಂದೆ. ನಕ್ಕ. ಯಾವೂರು ಅಂತ ಕೇಳಿದೆ. ಸುರಪುರದ ಕಡೆ, ಹುಣಸಗಿ ಹತ್ತಿರ ಅಂದ. ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಮೊಬೈಲಿನಲ್ಲಿ ಕೈಗೊಡಲಿಯ ಒಂದು ಫೋಟೋ ತೋರಿಸಿದೆ. 'ಇಂಥಾವು ನಮ್ ಕಡಿ ರಗಡ ಅವ ರೀ. ಹೊಲ್ದಾಗ ಗಳೇಕ್ಕ ಅಡ್ಡ ಬರ್ತಾವ, ಎತ್ತಿ ಬದುವಿಗೆ ಒಗೀತೀವಿ' ಅಂದ. ಹನ್ನೆರಡು ಲಕ್ಷ ವರ್ಷ ಅಂತ ಹೇಳಲು ಹೋದೆ, ಸಂಖ್ಯೆ ಬಾಯಲ್ಲೇ ಉಳಿಯಿತು.

ಅವನು ಶೆಡ್ಡಿನ ಒಳಗೆ ಹೋಗಿ ಒಂದು ಬಿಳೀ ಕಲ್ಲು ತಂದ. ಮಗು ಆಡೋಕೆ ಇಟ್ಟುಕೊಂಡಿದ್ದಂತೆ. ಹೆಬ್ಬೆರಳಿನಷ್ಟು ಬೆಣಚುಕಲ್ಲು, ಒಂದು ಬದಿ ತೆಳ್ಳಗೆ. ತಿರುಗಿಸಿ ನೋಡಿದೆ. ಒಂದು ಉಬ್ಬು ಇದೆಯೋ ಇಲ್ಲವೋ, ಬೆಣಚುಕಲ್ಲಿನಲ್ಲಿ ಹೇಳೋದು ಕಷ್ಟ. ಬಾಯಿಗೆ ಬಂದಿದ್ದು ಅದೇ ಪ್ರಶ್ನೆ.

'ಎಲ್ಲಿ ಸಿಕ್ತು ಇದು?'

'ಅಕಾ ಆ ಮೂಲ್ಯಾಗ ರೀ, ತೆಂಗಿನ ಬಡ್ಡಿ ಇತ್ತಲ್ಲ, ಅದರಿಂದ ನಾಕು ಹೆಜ್ಜಿ ಈಕಡಿ. ಕೆಂಪು ಮಣ್ಣು ಮುಗದು ಗರಸು ಹತ್ತತದಲ್ಲ, ಅಲ್ಲೇ ಸಂದ್ಯಾಗ. ಇದರ ಸಂಗಟ ಇನ್ನೊಂದೆರಡು ಇದ್ದವು, ಅವು ಅಲ್ಲೇ ಅದಾವ. ಸೋಮವಾರ, ಮಧ್ಯಾಹ್ನ ಊಟಕ್ಕ ಬಿಟ್ಟಾಗ.'

ನಾನು ಚೀಲದಲ್ಲಿ ಪೆನ್ನು ಹುಡುಕಿದೆ. ಸಿಗಲಿಲ್ಲ. ಇನ್ನೊಂದು ಸಲ ಹೇಳಪ್ಪ ಅಂದೆ, ಮೊಬೈಲಿನಲ್ಲಿ ಬರೆದುಕೊಂಡೆ.